ಕತ್ಬರ್ಟನ ಹಿಮ್ಮಡಿ

ಮೊನ್ನೆ ಆಫೀಸಿನ ಡ್ರಾಯರಿನಲ್ಲಿ ಸ್ಟೇಪ್ಲರ್ ಪಿನ್ ಹುಡುಕುತ್ತಿದ್ದಾಗ ಒಂದು ಮೇಣದಬತ್ತಿಯ ತುಂಡು ಕೈಗೆ ಸಿಕ್ಕಿತು. ಹೆಬ್ಬೆರಳಿನಷ್ಟು ಉದ್ದ, ತುದಿಯಲ್ಲಿ ಕರಕಲು ಬತ್ತಿ. ಅದನ್ನು ಟಿಶ್ಯೂ ಪೇಪರಿನಲ್ಲಿ ಸುತ್ತಿ, ಮೇಲೆ ಬಾಲ್‌ಪೆನ್ನಿನಿಂದ "ಹಿಲ್ಡಾ ಮನೆ, ಶುಕ್ರವಾರ" ಎಂದು ನಾನೇ ಬರೆದಿಟ್ಟಿದ್ದೆ. ಮನೆಗೆ ತಂದು ಹೆಂಡತಿಗೆ ತೋರಿಸಿದರೆ, "ಇದೆಂತ, ಪೊಲೀಸರ ಹಾಗೆ ಕ್ಯಾಂಡಲಿಗೂ ಲೇಬಲ್ ಹಚ್ಚಿದ್ದೀರಿ?" ಎಂದಳು. ಅವಳು ಕೇಳಿದ್ದರಲ್ಲಿ ತಪ್ಪಿಲ್ಲ. ಆ ತುಂಡನ್ನು ನಾನು ಎತ್ತಿಟ್ಟದ್ದು ಸಾಕ್ಷಿಗೆಂದೇ.

ನನಗೆ ಸಂಶಯ ಸ್ವಲ್ಪ ಜಾಸ್ತಿ. ಇದನ್ನು ನಿಮಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೀನು ಮಾರುವವನು "ಇವತ್ತಿನದ್ದು ಸಾರ್" ಎಂದರೆ ನಾನು ಮೀನಿನ ಕಿವಿರು ಎತ್ತಿ ನೋಡುವುದಿಲ್ಲ, ಮೊದಲು ಮಾರುವವನ ಮುಖ ನೋಡುತ್ತೇನೆ. ಹುಟ್ಟುಗುಣ ಇಷ್ಟೇ ಆಗಿದ್ದರೆ ಹೇಗಾದರೂ ಸುಧಾರಿಸಬಹುದಿತ್ತೇನೋ. ಆದರೆ ದೇವರು ನನಗೆ ಕೊಟ್ಟ ಕೆಲಸವೂ ಅಂಥದ್ದೇ. ಇಲ್ಲಿ ಬಹ್ರೈನಿನಲ್ಲಿ ಕಿಟಕಿ ಬಾಗಿಲು ಮಾಡುವ ಒಂದು ಕಂಪನಿಯಲ್ಲಿ ಕೆಲಸಗಾರರ ಸಿಕ್ ಲೀವ್ ಚೀಟಿಗಳನ್ನು ನೋಡಿ ಪಾಸ್ ಮಾಡುವವನು ನಾನು. ಇಪ್ಪತ್ತೆರಡು ವರ್ಷಗಳಿಂದ ಬೇರೆಯವರ ಹೊಟ್ಟೆನೋವನ್ನು ನಂಬದೆ ಇರುವುದಕ್ಕೆ ನನಗೆ ಸಂಬಳ ಸಿಗುತ್ತಿದೆ. ಈದ್ ಹಬ್ಬದ ಹಿಂದಿನ ದಿನ ಏಳು ಜನರಿಗೆ ಒಟ್ಟಿಗೆ ಭೇದಿ ಹಿಡಿಯುತ್ತದೆ. ಇಂಡಿಯಾ ಪಾಕಿಸ್ತಾನ ಕ್ರಿಕೆಟ್ ಇದ್ದ ದಿನ ಎರಡೂ ದೇಶದವರಿಗೆ ಭೇದವಿಲ್ಲದೆ ಸೊಂಟ ಹಿಡಿಯುತ್ತದೆ. ಚೀಟಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಹೆಸರು ಮಾತ್ರ ಬೇರೆ, ಉಳಿದ ಒಕ್ಕಣೆಯೆಲ್ಲ ಒಂದೇ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹೇಳಿದವರು ನನ್ನ ಹಾಗೆಯೇ ಯಾವುದೋ ಟೈಮ್ ಆಫೀಸಿನಲ್ಲಿ ಕುಳಿತಿದ್ದವರಿರಬೇಕು.

ನನ್ನ ಸಂಶಯದ ಮೊದಲ ಗಿರಾಕಿ ನನ್ನ ಹೆಸರೇ. ನಾನು ಡನ್‌ಸ್ಟನ್. ಉಡುಪಿಯ ಕಡೆಯ ಒಂದು ಸಣ್ಣ ಇಗರ್ಜಿಯ ಊರಿನಲ್ಲಿ, ಮೀನಿನ ಬುಟ್ಟಿ ಹೊತ್ತು ಮನೆ ಮನೆ ತಿರುಗುತ್ತಿದ್ದ ಅಜ್ಜಿಯ ಮೊಮ್ಮಗನಿಗೆ ಈ ಹೆಸರು ಎಲ್ಲಿಂದ ಬಂತು? ಅಜ್ಜಿ ಜ್ಞಾನಸ್ನಾನಕ್ಕೆ ನನ್ನನ್ನು ಎತ್ತಿಕೊಂಡು ಹೋದಾಗ ಅವಳ ಮನಸ್ಸಿನಲ್ಲಿ ಇದ್ದದ್ದು ಅಂತೋನಿ. ಊರಿನ ಪಾದ್ರಿಗಳು ಕನ್ನಡಕ ಏರಿಸಿ ಒಂದು ದಪ್ಪ ಪುಸ್ತಕ ತೆರೆದು, "ಈ ವಾರ ಸಂತ ಡನ್‌ಸ್ಟನರ ಹಬ್ಬ, ಅದನ್ನೇ ಇಡುವ" ಎಂದರಂತೆ. ಪಾದ್ರಿಗಳ ಎದುರು ಅಜ್ಜಿ ಮಾತಾಡುವುದುಂಟೇ? ಮನೆಗೆ ಬರುವ ದಾರಿಯಲ್ಲಿ ಹೆಸರು ಮರೆತುಹೋಗಿ, ಒಂದು ತಿಂಗಳು ನನ್ನನ್ನು ಬರೀ "ಮಗು" ಎಂದೇ ಕರೆದರಂತೆ. ಆಮೇಲೆ ಡನ್ನು ಆದೆ.

ನಾನೊಬ್ಬನೇ ಅಲ್ಲ. ನಮ್ಮ ಇಗರ್ಜಿಯಲ್ಲಿ ಆ ಕಾಲದಲ್ಲಿ ಹುಟ್ಟಿದವರೆಲ್ಲ ಇದೇ ತರಹ. ವಿಲ್ಫ್ರೆಡ್, ಓಸ್ವಾಲ್ಡ್, ಹಿಲ್ಡಾ, ಮಿಲ್ಡ್ರೆಡ್, ಎಡ್ಮಂಡ್, ಕತ್ಬರ್ಟ್. ಶಾಲೆಯಲ್ಲಿ ಶೆಟ್ಟಿ ಮಾಸ್ಟ್ರು ಹಾಜರಿ ಕರೆಯುವಾಗ ನಮ್ಮ ಸಾಲಿಗೆ ಬಂದ ಕೂಡಲೇ ನೀರು ಕುಡಿಯುತ್ತಿದ್ದರು. ಇವರೆಲ್ಲ ಸಾವಿರ ವರ್ಷಕ್ಕೂ ಹಿಂದೆ ಇಂಗ್ಲೆಂಡಿನಲ್ಲಿ ಇದ್ದ ಸನ್ಯಾಸಿಗಳು, ಸನ್ಯಾಸಿನಿಯರು, ರಾಜರು ಎಂದು ನಮಗೆ ಯಾರೂ ಹೇಳಲಿಲ್ಲ. ಪಾದ್ರಿಗಳಿಗೆ ಆ ದೇಶದ ಮೇಲೆ ಯಾಕೆ ಅಷ್ಟು ಮಮತೆ ಎಂಬುದಕ್ಕೆ ನನ್ನ ಹತ್ತಿರ ಒಂದು ಊಹೆ ಇದೆ. ಸಂತರ ಚರಿತ್ರೆಯ ಸಂಪುಟಗಳಲ್ಲಿ ಇಟಲಿ, ಸ್ಪೇನ್, ಫ್ರಾನ್ಸ್ ಎಲ್ಲವನ್ನೂ ಗೆದ್ದಲು ತಿಂದು, ಇಂಗ್ಲೆಂಡಿನ ಸಂಪುಟವೊಂದೇ ಉಳಿದಿರಬೇಕು. ಗೆದ್ದಲು ತಿಂದು ಬಿಟ್ಟ ಹೆಸರುಗಳು ನಾವು. ಇದಕ್ಕೆ ಪುರಾವೆ ಇಲ್ಲ, ಆದರೆ ನನಗೆ ನಂಬಿಕೆ ಇರುವ ಕೆಲವೇ ಸಂಗತಿಗಳಲ್ಲಿ ಇದೂ ಒಂದು.

ಒಬ್ಬ ಬಂದು ಇನ್ನೊಬ್ಬನಿಗೆ ವೀಸಾ ತೆಗೆದು, ಅವನು ಮತ್ತೊಬ್ಬಳಿಗೆ ತೆಗೆದು, ಆ ಹಾಜರಿ ಪಟ್ಟಿಯಲ್ಲಿ ಅರ್ಧದಷ್ಟು ಈಗ ಬಹ್ರೈನಿಗೆ ಬಂದುಬಿಟ್ಟಿದೆ. ಶುಕ್ರವಾರ ಸಂಜೆ ಜಿಂಜ್‌ನಲ್ಲಿ ಹಿಲ್ಡಾ ಬಾಯಿಯ ಫ್ಲ್ಯಾಟಿನಲ್ಲಿ ಸೇರಿ ತೇರ್ಸ್ ಹೇಳುತ್ತೇವೆ. ಜಪಮಾಲೆಯ ಪ್ರಾರ್ಥನೆಗೆ ನಾವು ಹೇಳುವ ಹೆಸರು ಅದು. ಮಾತುಕತೆಯೆಲ್ಲ ಕೊಂಕಣಿಯಲ್ಲಿ. ಇಲ್ಲಿ ನಿಮಗಾಗಿ ನಮ್ಮೂರಿನ ಕನ್ನಡಕ್ಕೆ ತಿರುಗಿಸಿ ಕೊಡುತ್ತಿದ್ದೇನೆ. ತೇರ್ಸಿಗೆ ಇಪ್ಪತ್ತು ನಿಮಿಷ, ಆಮೇಲೆ ಪ್ಯಾಟೀಸ್, ಕಟ್ಲೆಟ್, ಊರಿನ ಸುದ್ದಿಗೆ ಎರಡು ಗಂಟೆ. ಹೀಗೆ ಸುಖವಾಗಿ ನಡೆಯುತ್ತಿದ್ದ ಸಂಸಾರಕ್ಕೆ ವಿಲ್ಫ್ರೆಡ್ ಮುಖಂಡನಾಗಿ ಬಂದ.

ವಿಲ್ಫ್ರೆಡ್ ಇಂಜಿನಿಯರು. ಎಲ್ಲಿ ಹೋದರೂ ಸೋರುವುದನ್ನು ನಿಲ್ಲಿಸುವ ಅಭ್ಯಾಸ. ನಮ್ಮ ಭಕ್ತಿಯೂ ಸೋರುತ್ತಿದೆ ಎಂದು ಅವನಿಗೆ ಕಂಡಿತು. ಮೊದಲ ವಾರವೇ ಪ್ಯಾಟೀಸ್ ನಿಂತಿತು. ಇನ್ನು ಹಾಲಿಲ್ಲದ ಸುಲೈಮಾನಿ ಚಾ ಮತ್ತು ರಸ್ಕ್ ಮಾತ್ರ ಎಂದ. ಎರಡನೆಯ ವಾರ ಇನ್ನೊಂದು ನಿಯಮ ಬಂತು. ಪ್ರತಿ ಶುಕ್ರವಾರ ಒಬ್ಬೊಬ್ಬರು ತಮ್ಮ ಹೆಸರಿನ ಸಂತನ ಚರಿತ್ರೆಯನ್ನು ಹೇಳಬೇಕು. "ಹೆಸರು ಇಟ್ಕೊಂಡು ಐವತ್ತು ವರ್ಷ ತಿರುಗಿದ್ದೇವೆ, ಅವರು ಯಾರು ಅಂತ ಗೊತ್ತುಂಟಾ ನಮಗೆ?" ಎಂದು ಕೇಳಿದ. ಅವನಿಗೆ ಮಾತ್ರ ಚೆನ್ನಾಗಿ ಗೊತ್ತಿತ್ತು. ಅವನಿಗೆ ಬಲು ಇಷ್ಟವಾದವರು ಎಥೆಲ್‌ವೋಲ್ಡ್ ಎಂಬ ಬಿಷಪ್ಪರು. ಆ ಕಾಲದಲ್ಲಿ ಮಠಗಳಲ್ಲಿ ಹೆಂಡತಿ ಮಕ್ಕಳೊಂದಿಗೆ ತಿಂದುಂಡು ಹಾಯಾಗಿದ್ದ ಪಾದ್ರಿಗಳ ಎದುರಿಗೆ ಸನ್ಯಾಸಿಯ ಉಡುಪು ತಂದಿಟ್ಟು, "ತೊಡಿ, ಇಲ್ಲದಿದ್ದರೆ ಹೊರಡಿ" ಎಂದವರಂತೆ. ಇದನ್ನು ಹೇಳುವಾಗ ವಿಲ್ಫ್ರೆಡ್ ಹಿಲ್ಡಾ ಬಾಯಿಯ ಫ್ರಿಜ್ಜಿನ ಕಡೆಗೆ ನೋಡುತ್ತಿದ್ದ.

ಅದೇ ಬಿಷಪ್ಪರು ಒಂದು ದಿನ ಅಡಿಗೆಮನೆಗೆ ಹೋದರಂತೆ. ಅಲ್ಲಿ ಒಬ್ಬ ಸನ್ಯಾಸಿ ಎಲ್ಲರಿಗೂ ಅಡಿಗೆ ಮಾಡಿ, ಎಲ್ಲವನ್ನೂ ಚೊಕ್ಕವಾಗಿ ಇಟ್ಟಿದ್ದ. ಅವನ ವಿಧೇಯತೆ ನೋಡಬೇಕೆಂದು ಬಿಷಪ್ಪರು, ಕುದಿಯುವ ಹಂಡೆಯ ತಳದಿಂದ ಒಂದು ತುಂಡು ತೆಗೆದುಕೊಡು ಎಂದರು. ಅವನು ಹಿಂದೆಮುಂದೆ ನೋಡದೆ ಕೈ ಹಾಕಿ ತೆಗೆದ. ಕೈ ಸುಡಲಿಲ್ಲ. ಎಲ್ಲರೂ ತಲೆದೂಗಿದರು. "ನೀರು ಕುದೀತಾ ಇತ್ತು ಅಂತ ನೋಡಿದವರು ಯಾರು?" ಎಂದು ನಾನು ಕೇಳಿದೆ. ಅಷ್ಟರಲ್ಲಿ ಮೂಲೆಯ ಪ್ಲಾಸ್ಟಿಕ್ ಕುರ್ಚಿಯಿಂದ ಕತ್ಬರ್ಟ ಮೆಲ್ಲಗೆ, "ಆ ಹಂಡೆ ಮತ್ತೆ ತೊಳೆದದ್ದು ಯಾರಂತೆ?" ಎಂದ. ಎಲ್ಲರೂ ನಕ್ಕರು. ಕತ್ಬರ್ಟ ಮಾತಾಡುವುದೇ ಅಪರೂಪ, ತಮಾಷೆ ಮಾಡುವುದು ಇನ್ನೂ ಅಪರೂಪ. ಅದು ತಮಾಷೆಯಲ್ಲ ಎಂದು ನನಗೆ ಆಗ ತಿಳಿಯಲಿಲ್ಲ.

ನನ್ನ ಸರದಿ ಬಂತು. ಸಂತ ಡನ್‌ಸ್ಟನರು ದೊಡ್ಡ ಮಠಾಧಿಪತಿ, ಆಮೇಲೆ ಇಂಗ್ಲೆಂಡಿನ ಹಿರಿಯ ಬಿಷಪ್. ಎಥೆಲ್‌ವೋಲ್ಡರ ಜೊತೆ ಸೇರಿ ಸಡಿಲವಾಗಿದ್ದ ಮಠಗಳನ್ನು ಬಿಗಿ ಮಾಡಿದವರು. ಜೊತೆಗೆ ಕಮ್ಮಾರಿಕೆ ಗೊತ್ತಿದ್ದವರು. ಪೀಡಿಸಲು ಬಂದ ಸೈತಾನನ ಮೂಗನ್ನು ಕಾದ ಇಕ್ಕಳದಿಂದ ಹಿಡಿದರಂತೆ. ಅಲ್ಲಿಯವರೆಗೆ ಸರಿಯಾಗಿಯೇ ಹೇಳಿದೆ. ಮುಂದೆ ಒಂದು ಮಾಳಿಗೆಯ ಕತೆ ಬರುತ್ತದೆ. ಸುಧಾರಣೆ ಬೇಕು ಎನ್ನುವವರೂ ಬೇಡ ಎನ್ನುವವರೂ ಒಂದು ಮಾಳಿಗೆಯಲ್ಲಿ ಸಭೆ ಸೇರಿದ್ದಾರೆ. ವಾದ ಬಿಸಿಯಾಗಿದೆ. ಫಕ್ಕನೆ ಮಾಳಿಗೆಯ ನೆಲ ಕುಸಿದು ಎಲ್ಲರೂ ಕೆಳಗೆ ಬೀಳುತ್ತಾರೆ, ಕೆಲವರು ಸಾಯುತ್ತಾರೆ. ಡನ್‌ಸ್ಟನರು ಮಾತ್ರ ಒಂದು ತೊಲೆಯ ಮೇಲೆ ನಿಂತು ಉಳಿಯುತ್ತಾರೆ. ದೇವರ ತೀರ್ಪು ಎಂದು ಚರಿತ್ರೆಕಾರರು ಹೇಳುತ್ತಾರೆ. ನಾನು ಹೇಳಿದೆ, "ಕಮ್ಮಾರಿಕೆ ಗೊತ್ತಿರುವ ಮನುಷ್ಯ. ಯಾವ ತೊಲೆ ಗಟ್ಟಿ ಅಂತ ಮೊದಲೇ ನೋಡಿ ನಿಂತಿರಬಹುದು. ನೆಲದ ಕೀಲುಗಳನ್ನು ಯಾರು ಚೆಕ್ ಮಾಡಿದ್ದು?"

ವಿಲ್ಫ್ರೆಡ್ ರಸ್ಕ್ ಕೆಳಗಿಟ್ಟ. "ಡನ್ನು, ನೀನು ನಿನ್ನ ಸಂತನ ಸಿಕ್ ಲೀವ್ ಸಹ ಪಾಸ್ ಮಾಡುದಿಲ್ಲ ಅಲ್ವಾ?"

ನಾನೇನು ಮಾಡಲಿ? ಓದಿದಷ್ಟೂ ಸಂಶಯ ಹೆಚ್ಚುತ್ತಿತ್ತು. ಒಬ್ಬ ಸಂತ ಬಿರುಗಾಳಿ ನಿಲ್ಲಿಸುತ್ತಾನೆ, ಇನ್ನೊಬ್ಬನೂ ನಿಲ್ಲಿಸುತ್ತಾನೆ. ಒಬ್ಬನಿಗಾಗಿ ಒಣನೆಲದಲ್ಲಿ ನೀರು ಉಕ್ಕುತ್ತದೆ, ಪಕ್ಕದ ಮಠದವನಿಗೂ ಉಕ್ಕುತ್ತದೆ. ಸತ್ತು ಎಷ್ಟೋ ವರ್ಷಗಳ ಮೇಲೆ ಪೆಟ್ಟಿಗೆ ತೆರೆದರೆ ದೇಹ ಕೆಟ್ಟಿರುವುದಿಲ್ಲ, ಅದೂ ಒಬ್ಬರದ್ದಲ್ಲ. ಹೆಸರು ಮಾತ್ರ ಬೇರೆ, ಒಕ್ಕಣೆ ಒಂದೇ. ಇಂಥ ಚೀಟಿಗಳನ್ನು ನಾನು ದಿನಾಲೂ ನೋಡುತ್ತೇನೆ. ಬರೆದ ಸನ್ಯಾಸಿಗೆ ತನ್ನ ಗುರುವಿನ ಮೇಲೆ ಪ್ರೀತಿ, ಪಕ್ಕದ ಮಠದವರಿಗಿಂತ ನಮ್ಮವರು ಕಡಿಮೆಯಾಗಬಾರದು ಎಂಬ ಹಟ. ಕೈ ಸ್ವಲ್ಪ ಧಾರಾಳವಾಗಿದೆ, ಅಷ್ಟೇ. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಇರಬಹುದು, ಆದರೆ ಹಳದಿಯಾದದ್ದೂ ಲೋಕದಲ್ಲಿ ಇದ್ದೇ ಇದೆಯಲ್ಲ.

ಮೇಣದ ವಿಷಯಕ್ಕೆ ಬರುತ್ತೇನೆ. ತೇರ್ಸಿನ ಹೊತ್ತಿಗೆ ಮರಿಯಮ್ಮನವರ ಪ್ರತಿಮೆಯ ಎದುರು ನಾಲ್ಕು ಬತ್ತಿ ಹಚ್ಚುತ್ತೇವೆ. ಮಂತ್ರಿಸಿದ ಬತ್ತಿಯ ತುಂಡನ್ನು ಕಸದ ಬುಟ್ಟಿಗೆ ಹಾಕುವ ಕ್ರಮ ನಮ್ಮಲ್ಲಿಲ್ಲ. ಅದನ್ನು ಹಿಲ್ಡಾ ಬಾಯಿ ಬಿಸ್ಕೆಟಿನ ಒಂದು ನೀಲಿ ಡಬ್ಬದಲ್ಲಿ ಹಾಕಿಡುತ್ತಾಳೆ, ತುಂಬಿದ ಮೇಲೆ ಇಗರ್ಜಿಗೆ ಕೊಡುವುದಕ್ಕೆ. ಒಂದು ಶುಕ್ರವಾರ ನೋಡುತ್ತೇನೆ, ಡಬ್ಬ ಖಾಲಿ. ಮುಂದಿನ ವಾರವೂ ಖಾಲಿ. ಹಿಲ್ಡಾಳಲ್ಲಿ ಕೇಳಿದರೆ, "ನಿಮಗೆ ಚಾಕ್ಕೆ ಸಕ್ಕರೆ ಸಾಕಾ?" ಎಂದು ಮಾತು ತಿರುಗಿಸಿದಳು. ಅವಳ ಮೇಲೂ ನನಗೆ ಒಂದು ಕಣ್ಣಿತ್ತು. ಕೊನೆಯ ಆಮೆನ್ ಮುಗಿಯುವ ಮೊದಲೇ ಬತ್ತಿಗಳನ್ನು ಊದಿ ನಂದಿಸುತ್ತಿದ್ದಳು. ಹಿಲ್ಡಾ ಬಾಯಿಗೆ ಸಂಬಳ ಒಳ್ಳೆಯದಿದೆ, ದೊಡ್ಡ ಆಸ್ಪತ್ರೆಯ ನರ್ಸು, ಬತ್ತಿಯಲ್ಲಿ ಯಾಕೆ ಇಷ್ಟು ಜಿಪುಣತನ ಎಂದುಕೊಳ್ಳುತ್ತಿದ್ದೆ.

ನನ್ನ ಲೆಕ್ಕದಲ್ಲಿ ಮೊದಲ ಆರೋಪಿ ಕತ್ಬರ್ಟ. ಯಾಕೆಂದರೆ ಅವನು ಚಾಕ್ಕೆ ನಿಲ್ಲುತ್ತಿರಲಿಲ್ಲ. ಬಾಗಿಲ ಬಳಿ ಬೂಟು ಹಾಕುವ ನೆವದಲ್ಲಿ ಡಬ್ಬವಿದ್ದ ಮೇಜಿನ ಹತ್ತಿರ ಐದು ನಿಮಿಷ ತಡಮಾಡಿ, ಮುದುರಿದ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಹೊರಡುತ್ತಿದ್ದ. ಮನಾಮಾದ ಒಂದು ಹೋಟೆಲಿನಲ್ಲಿ ಅವನು ಸೂಪರ್‌ವೈಸರ್ ಎಂದು ನಮಗೆಲ್ಲ ಗೊತ್ತು. ಸೂಪರ್‌ವೈಸರನಿಗೆ ಉರಿದ ಬತ್ತಿಯ ತುಂಡು ಯಾಕೆ? ಮಂತ್ರಿಸಿದ ಮೇಣದಿಂದ ಏನೇನೋ ಮಾಟ ಮಾಡುತ್ತಾರೆಂದು ಅಜ್ಜಿ ಹೇಳಿದ್ದು ನೆನಪಾಯಿತು. ನಗಬೇಡಿ, ಸಂಶಯಕ್ಕೆ ಒಮ್ಮೆ ಕಾಲು ಬಂದರೆ ಅದು ಎಲ್ಲಿಗೂ ನಡೆಯುತ್ತದೆ. ಆ ಶುಕ್ರವಾರವೇ ನಾನು ಒಂದು ತುಂಡನ್ನು ಎತ್ತಿ ಲೇಬಲ್ ಹಚ್ಚಿದ್ದು. ಮರುದಿನ ಮಧ್ಯಾಹ್ನ ಊಟ ಮಾಡಿ, ಊರಿನಿಂದ ಬಂದಿದ್ದ ಒಣ ಸಿಗಡಿಯ ಒಂದು ಪ್ಯಾಕೆಟನ್ನು ನೆಪಕ್ಕೆ ಹಿಡಿದು, ಕತ್ಬರ್ಟ ಇರುವ ಹಮದ್ ಟೌನಿಗೆ ಕಾರು ಬಿಟ್ಟೆ.

ಹಮದ್ ಟೌನಿನಲ್ಲಿ ರಸ್ತೆ ತಪ್ಪುವುದು ಸುಲಭ. ಎಲ್ಲ ರೌಂಡೆಬೌಟೂ ಒಂದೇ ತರಹ, ಎಣಿಸುತ್ತಾ ಹೋಗಬೇಕು. ಎರಡು ಸಲ ಎಣಿಕೆ ತಪ್ಪಿ ತಿರುಗಿ ಬಂದೆ. ಇಲ್ಲಿ ಕೋಲ್ಡ್ ಸ್ಟೋರ್ ಎಂದು ಕರೆಯುವ ಒಂದು ಕಿರಾಣಿ ಅಂಗಡಿಯ ಹಿಂದೆ, ಹಲವು ಜನ ಒಟ್ಟಿಗೆ ಇರುವ ಹಳೆಯ ವಿಲ್ಲಾ. ಗೇಟು ಅರ್ಧ ತೆರೆದಿತ್ತು. ನಾನು ಬೆಲ್ ಮಾಡಲಿಲ್ಲ. ಕದ್ದು ನೋಡಬೇಕೆಂದೇ ಬಂದವನು ಯಾಕೆ ಬೆಲ್ ಮಾಡಲಿ?

ನೀರಿನ ಟ್ಯಾಂಕಿನ ನೆರಳಲ್ಲಿ ಕತ್ಬರ್ಟ ಬಕೆಟು ಬೋರಲು ಹಾಕಿ ಕುಳಿತಿದ್ದ. ಪಕ್ಕದಲ್ಲಿ ಸಣ್ಣ ಗ್ಯಾಸ್ ಒಲೆ, ಅದರ ಮೇಲೆ ಟ್ಯೂನಾ ಮೀನಿನ ಖಾಲಿ ಡಬ್ಬಿ. ತೆಂಗಿನೆಣ್ಣೆ ಮತ್ತು ಮೇಣ ಕರಗುವ ವಾಸನೆ ಗೇಟಿನ ತನಕ ಬರುತ್ತಿತ್ತು. ಅವನು ಒಂದು ಕಾಲನ್ನು ತೊಡೆಯ ಮೇಲಿಟ್ಟು, ಕರಗಿದ ಮೇಣವನ್ನು ಹತ್ತಿಯಿಂದ ಅದ್ದಿ ಅದ್ದಿ ಹಿಮ್ಮಡಿಗೆ ತುಂಬುತ್ತಿದ್ದ. ಹಚ್ಚುತ್ತಿದ್ದ ಎನ್ನಲಾರೆ, ತುಂಬುತ್ತಲೇ ಇದ್ದ. ಅಷ್ಟು ಆಳಕ್ಕೆ ಒಡೆದಿತ್ತು ಹಿಮ್ಮಡಿ, ಒಳಗಿನ ಕೆಂಪು ಕಾಣುವ ಹಾಗೆ. ಗೋಡೆಯ ಮೇಲೆ ಒಂದು ಜೊತೆ ಬಿಳಿ ಗಂಬೂಟು ಒಣಗಲು ಬೋರಲು ನಿಂತಿತ್ತು. ಹಗ್ಗದ ಮೇಲೆ ರಬ್ಬರಿನ ಉದ್ದ ಏಪ್ರನ್.

"ಗೇಟಿನ ಹತ್ರ ಬಿಸಿಲುಂಟು ಡನ್ನು, ಒಳಗೆ ಬಾ," ಎಂದ, ತಿರುಗಿ ನೋಡದೆಯೇ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಸಿಗಡಿಯ ಪ್ಯಾಕೆಟನ್ನು ಎದೆಗೆ ಹಿಡಿದುಕೊಂಡು, "ಇದು ಕೊಡುವ ಅಂತ ಬಂದದ್ದು," ಎಂದೆ. ಕೇಳುವ ಮೊದಲೇ ಹೇಳಿದ್ದರಿಂದ ಅದು ಸುಳ್ಳೆಂದು ಅವನಿಗೆ ತಿಳಿಯಿತು.

"ಕೂತ್ಕೋ. ಸೂಪರ್‌ವೈಸರ್ ಆಗಿದ್ದದ್ದು ಹೌದು. ಹೋಟೆಲಿನ ಆ ರೆಸ್ಟೋರೆಂಟ್ ಮುಚ್ಚಿ ಆರು ವರ್ಷ ಆಯ್ತು. ಈಗ ಅದೇ ಹೋಟೆಲಿನಲ್ಲಿ ಪಾತ್ರೆ ತೊಳೆಯುದು. ಹತ್ತು ಗಂಟೆ ನೀರಲ್ಲೇ ನಿಲ್ಬೇಕು, ಗಂಬೂಟಿನ ಒಳಗೆ ಸಹ ನೀರು. ಹಿಮ್ಮಡಿ ಕೇಳ್ತದಾ?"

"ಒಂದು ಸಿಕ್ ಲೀವ್ ಹಾಕ್ಬಾರ್ದಾ ಮಾರಾಯ?" ಎಂದೆ. ನನ್ನ ಬಾಯಿಯಿಂದ ಈ ಮಾತು ಬಂದದ್ದು ಜನ್ಮದಲ್ಲೇ ಮೊದಲ ಸಲ.

"ಆರು ವರ್ಷದಲ್ಲಿ ಒಂದೂ ಹಾಕಿಲ್ಲ. ಕಾಲು ಒಡೆದದ್ದಕ್ಕೆ ಯಾರು ಕೊಡ್ತಾರೆ? ನೀನು ಕೊಡ್ತಿಯಾ?"

ನಾನು ಕೊಡುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಹಾಗಾಗಿ ನಾನು ಮೇಣದ ಕಡೆಗೆ ಮಾತು ತಿರುಗಿಸಿ, ಅಂಗಡಿಯಿಂದ ಹೊಸ ಬತ್ತಿ ತಂದರೂ ಆಗುತ್ತದಲ್ಲ ಎಂದೆ. "ತಂದು ನೋಡಿದ್ದೆ, ಗುಣ ಆಗ್ಲಿಲ್ಲ. ಇದು ತೇರ್ಸಿನದ್ದಲ್ವಾ," ಎಂದ ಅವನು. ನಿಜ ಹೇಳಬೇಕೆಂದರೆ ಎರಡೂ ಒಂದೇ ಕಂಪನಿಯ ಬತ್ತಿ. ತೇರ್ಸಿನ ಬತ್ತಿಗಳನ್ನು ಕೋಲ್ಡ್ ಸ್ಟೋರಿನಿಂದ ತರುವವನು ನಾನೇ. ಅದನ್ನು ಹೇಳಲು ಬಾಯಿ ತೆರೆದು, ಅವನ ಹಿಮ್ಮಡಿ ನೋಡಿ ಮುಚ್ಚಿಕೊಂಡೆ.

ಹೊರಡುವಾಗ ಅವನು ಮೊದಲ ಸಲ ನನ್ನ ಮುಖ ನೋಡಿ ಹೇಳಿದ. "ಮಗಳಿಗೆ ಒಂದು ಸಂಬಂಧ ಬಂದುಂಟು. ಒಳ್ಳೆ ಜನ. ಮಗಳಿಗೂ ಹುಡುಗ ಮನಸ್ಸಿಗೆ ಬಂದಿದ್ದಾನೆ. ಅವರು ಇನ್ನೂ ವಿಚಾರಣೆ ಮಾಡ್ತಾ ಇದ್ದಾರೆ. ಮದುವೆ ಆಗುವವರೆಗೆ ಯಾರ ಹತ್ರವೂ ಹೇಳ್ಬೇಡ. ಆಮೇಲೆ ಬೇಕಾದ್ರೆ ಪೇಪರಿಗೆ ಕೊಡು."

ಮುಂದಿನ ಶುಕ್ರವಾರ ಕತ್ಬರ್ಟನ ಸರದಿ. ತನಗೆ ಮಾತಾಡಲು ಬರುವುದಿಲ್ಲ ಎಂದ. ವಿಲ್ಫ್ರೆಡ್ ಆ ಕೆಲಸವನ್ನು ನನ್ನ ತಲೆಗೆ ಕಟ್ಟಿದ. ಮೊಬೈಲಿನಲ್ಲಿ ಓದುತ್ತಾ ಹೋದೆ. ಸಂತ ಕತ್ಬರ್ಟರು ಡನ್‌ಸ್ಟನರಿಗಿಂತ ಸುಮಾರು ಮುನ್ನೂರು ವರ್ಷ ಹಿಂದಿನವರು, ಕುರಿ ಕಾಯುತ್ತಿದ್ದು ಸನ್ಯಾಸಿಯಾದವರು, ಮಠಕ್ಕೆ ಬಂದ ಅತಿಥಿಗಳ ಕಾಲು ತೊಳೆದು ತಿಕ್ಕಿ ಬಿಸಿ ಮಾಡುತ್ತಿದ್ದವರು. ಒಮ್ಮೆ ಸಮುದ್ರತೀರದ ಒಂದು ಮಠದಲ್ಲಿ ಉಳಿದಿದ್ದಾಗ, ಎಲ್ಲರೂ ಮಲಗಿದ ಮೇಲೆ ಇವರು ಎದ್ದು ಹೋಗುವುದನ್ನು ಕಂಡು ಒಬ್ಬ ಸನ್ಯಾಸಿಗೆ ಸಂಶಯ ಬಂತು. ಹಿಂದೆಯೇ ಕದ್ದು ಹೋದ. ಕತ್ಬರ್ಟರು ಕೊರೆಯುವ ನೀರಿನಲ್ಲಿ ಕುತ್ತಿಗೆಯವರೆಗೆ ಇಳಿದು ಬೆಳಗಿನವರೆಗೆ ಪ್ರಾರ್ಥನೆ ಮಾಡಿದರು. ದಡಕ್ಕೆ ಬಂದಾಗ ಎರಡು ನೀರುನಾಯಿಗಳು ಬಂದು ಅವರ ಪಾದಗಳಿಗೆ ಉಸಿರು ಊದಿ, ಮೈಯ ತುಪ್ಪಳದಿಂದ ಒರೆಸಿದವು. ನೋಡಿದವನು ಹೆದರಿ ಕಾಯಿಲೆ ಬಿದ್ದ. ಮರುದಿನ ಕಾಲಿಗೆ ಬಿದ್ದು ತಪ್ಪೊಪ್ಪಿಕೊಂಡ. ಸಂತರು ಕ್ಷಮಿಸಿ, ಒಂದೇ ಶರತ್ತು ಹಾಕಿದರು: ನಾನು ಬದುಕಿರುವವರೆಗೆ ಇದನ್ನು ಯಾರಿಗೂ ಹೇಳಬಾರದು.

ಅಷ್ಟು ಓದಿ ಮೊಬೈಲ್ ಕೆಳಗಿಟ್ಟೆ. ಕತ್ಬರ್ಟ ಬಾಗಿಲ ಬಳಿಯಿದ್ದ ತನ್ನ ಬೂಟುಗಳನ್ನು ನೋಡುತ್ತಿದ್ದ. "ಇದರಲ್ಲಿ ಎಂತ ಸಂಶಯ ನಿನ್ನದು, ಅದನ್ನೂ ಹೇಳಿಬಿಡು," ಎಂದ ವಿಲ್ಫ್ರೆಡ್. ಇದರಲ್ಲಿ ಇಲ್ಲ ಎಂದೆ. ವಿಲ್ಫ್ರೆಡ್‌ಗೆ ನನ್ನ ಆರೋಗ್ಯದ ಬಗ್ಗೆ ಸಂಶಯ ಬಂತು.

ಜನ ಹೋದ ಮೇಲೆ ನಾನು ಹಿಲ್ಡಾಳಿಗೆ, ಡಬ್ಬದ ತುಂಡುಗಳನ್ನು ತೆಗೆಯುತ್ತಿದ್ದದ್ದು ನಾನೇ ಎಂದು ಹೇಳಿದೆ. ಅವಳು ಬಟ್ಟಲು ತೊಳೆಯುತ್ತಲೇ, "ನರ್ಸ್ ನಾನು. ಅವನು ತುದಿಗಾಲಲ್ಲಿ ನಡೆಯುದು ನೋಡಿದ್ರೆ ನನಗೆ ಗೊತ್ತಾಗುದಿಲ್ವಾ? ತುಂಡು ಉದ್ದ ಉಳಿಯಲಿ ಅಂತಲೇ ನಾನು ಬೇಗ ನಂದಿಸುದು," ಎಂದಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಗಾದೆಯನ್ನು ಜೀವಮಾನವಿಡೀ ಪಾಲಿಸಿದವನು ನಾನು. ಕಾಣಬೇಕಾದದ್ದು ಮಾತ್ರ ಕಂಡಿರಲಿಲ್ಲ.

ಎರಡು ವಾರದ ಮೇಲೆ ಕಾರ್ಕಳದ ಕಡೆಯಿಂದ ಒಂದು ಫೋನ್ ಬಂತು. ಹುಡುಗನ ಅಪ್ಪ, ಸಿಲ್ವೆಸ್ಟರ್ ಎಂದು ಹೆಸರು ಹೇಳಿದರು. ನಮ್ಮಲ್ಲಿ ಗಲ್ಫ್‌ನಲ್ಲಿರುವವರ ಸಂಬಂಧವಾದರೆ ಅಲ್ಲಿಯೇ ಇರುವ ಇನ್ನೊಬ್ಬರಲ್ಲಿ ವಿಚಾರಿಸುವುದು ರೂಢಿ. "ನೀವು ಎಲ್ಲದರಲ್ಲೂ ತಪ್ಪು ಹುಡುಕುವವರಂತೆ, ಹಾಗಾಗಿ ನಿಮ್ಮಲ್ಲಿಯೇ ಕೇಳುವ ಅಂತ," ಎಂದರು. ಇಂಥ ಕೀರ್ತಿ ಕಾರ್ಕಳದವರೆಗೆ ಹೋಗಿದೆಯೆಂದು ನನಗೆ ಗೊತ್ತಿರಲಿಲ್ಲ.

ಕತ್ಬರ್ಟನ ಕೆಲಸ ಏನು ಎಂದು ಕೇಳಿದರು. ಸೂಪರ್‌ವೈಸರ್ ಎಂದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಆದರೆ ಬಾಯಿಗೆ ರುಚಿ ಹತ್ತಿತು. ಕೈಕೆಳಗೆ ಇಪ್ಪತ್ತು ಜನ ಎಂದೆ. ಮೇನೇಜರ್ ಸಹ ಇವನನ್ನು ಕೇಳದೆ ಏನೂ ಮಾಡುವುದಿಲ್ಲ ಎಂದೆ. ಬೇರೆಯೇ ಒಂದು ಎಸಿ ರೂಮು ಉಂಟು, ಹೊರಗೆ ಹೆಸರಿನ ಬೋರ್ಡು ಉಂಟು ಎಂದೆ. ಆ ಹೊತ್ತಿನಲ್ಲಿ ಒಂದು ಬಿರುಗಾಳಿ ಸಿಕ್ಕಿದ್ದರೆ ಅದನ್ನೂ ಅವನ ಕೈಯಿಂದ ನಿಲ್ಲಿಸಿಬಿಡುತ್ತಿದ್ದೆ. ಸಾವಿರ ವರ್ಷದ ಹಿಂದಿನ ಆ ಸನ್ಯಾಸಿಗಳು ಗರಿಯ ಲೇಖನಿ ಹಿಡಿದು ಕುಳಿತಾಗ ಏನಾಗುತ್ತಿತ್ತೆಂದು ನನಗೆ ಆ ಐದು ನಿಮಿಷದಲ್ಲಿ ಪೂರ್ತಿ ಅರ್ಥವಾಯಿತು.

ಆಮೇಲೆ ಸಿಲ್ವೆಸ್ಟರ್ ಕೇಳಿದರು. "ಹಾಗಾ? ಪಾತ್ರೆ ತೊಳೆಯುವ ಕೆಲಸ ಅಂತ ಅವರೇ ಮೊನ್ನೆ ಫೋನ್ ಮಾಡಿ ಹೇಳಿದ್ರಲ್ಲ. ಈಗ ಯಾರನ್ನು ನಂಬುದು? ಅವರು ಹೇಳಿದ್ದು ನಾಟಕವಾ, ನೀವು ಹೇಳುದು ನಾಟಕವಾ? ಒಂದು ಮನೆಯ ಬಗ್ಗೆ ಎರಡು ಮಾತು ಬಂದರೆ ನಾವು ಹೆಣ್ಣು ತರುದು ಹೇಗೆ?"

ಇಪ್ಪತ್ತೆರಡು ವರ್ಷ ಸುಳ್ಳು ಚೀಟಿಗಳನ್ನು ಹಿಡಿದವನು ನಾನು. ಬರೆದುಕೊಟ್ಟ ಮೊದಲ ಸುಳ್ಳು ಚೀಟಿಯಲ್ಲೇ ಸಿಕ್ಕಿಬಿದ್ದೆ. ಸಿಕ್ಕಿಬಿದ್ದದ್ದು ನಾನು, ಮುರಿಯುವುದು ಕತ್ಬರ್ಟನ ಮಗಳ ಮದುವೆ. ಸಿಕ್ಕಿಬಿದ್ದವರು ನನ್ನ ಮೇಜಿನ ಎದುರು ಏನು ಮಾಡುತ್ತಾರೋ ಅದನ್ನೇ ಮಾಡಿದೆ. ಎಲ್ಲವನ್ನೂ ಒಪ್ಪಿಕೊಂಡೆ. ಬತ್ತಿಯ ತುಂಡು, ಲೇಬಲ್ಲು, ಸಿಗಡಿಯ ಪ್ಯಾಕೆಟು, ಗೇಟು, ಗಂಬೂಟು, ಟ್ಯೂನಾ ಡಬ್ಬಿಯಲ್ಲಿ ಕರಗಿದ ಮೇಣ, ಹಿಮ್ಮಡಿ. "ಆರು ವರ್ಷದಲ್ಲಿ ಅವನು ಒಂದೇ ಒಂದು ಸಿಕ್ ಲೀವ್ ಹಾಕಿಲ್ಲ. ಇದೊಂದನ್ನು ನಂಬಿ. ಇದು ನನ್ನ ಕಸುಬು," ಎಂದೆ. ಮಾತು ಮುಗಿದ ಮೇಲೆ ಫೋನ್ ಕಟ್ಟಾಗಿದೆಯೇ ಎಂದು ಎರಡು ಸಲ ನೋಡಿದೆ. ಕಟ್ಟಾಗಿರಲಿಲ್ಲ.

"ಮೇಣಕ್ಕೆ ಎಣ್ಣೆ ಎಷ್ಟು ಹಾಕುದಂತೆ?" ಎಂದು ಕೇಳಿದರು ಸಿಲ್ವೆಸ್ಟರ್.

ನನಗೆ ಗೊತ್ತಿರಲಿಲ್ಲ. ಕೇಳಿ ಹೇಳುತ್ತೇನೆ ಎಂದೆ. ಕೂಡಲೇ ಕತ್ಬರ್ಟನಿಗೆ ಫೋನ್ ಮಾಡಿ ಮೊದಲು ಬೈದೆ. ಯಾರಿಗೂ ಹೇಳಬೇಡ ಎಂದು ನನ್ನ ಬಾಯಿ ಕಟ್ಟಿ, ನೀನೇ ಯಾಕೆ ಹೇಳಿದ್ದು ಎಂದು ಕೇಳಿದೆ.

"ಅವರು ನಿನ್ನ ಹತ್ರ ಕೇಳ್ತಾರೆ ಅಂತ ಗೊತ್ತಾಯ್ತು," ಎಂದ ಕತ್ಬರ್ಟ. "ಕೇಳಿದ್ರೆ ನೀನು ನನಗೋಸ್ಕರ ಸುಳ್ಳು ಹೇಳ್ಬೇಕಾಗ್ತದೆ. ನಿನ್ನಂಥವನಿಗೆ ಅದು ಎಷ್ಟು ಕಷ್ಟ, ಪಾಪ. ಅದಕ್ಕೆ ನಾನೇ ಹೇಳಿಬಿಟ್ಟೆ."

ನಾನು ಕಾರಿನೊಳಗೆ ಕುಳಿತಿದ್ದೆ. ಎಸಿ ಹಾಕುವುದನ್ನೂ ಮರೆತು ಹಾಗೆಯೇ ಕುಳಿತೆ. ಎಸಿ ರೂಮಿನ ವಿಷಯ, ಹೆಸರಿನ ಬೋರ್ಡಿನ ವಿಷಯ ಅವನಿಗೆ ಈವರೆಗೂ ಹೇಳಿಲ್ಲ. ಈಗ ಇದನ್ನು ಓದಿದರೆ ಗೊತ್ತಾಗುತ್ತದೆ. ಮೇಣದ ಎರಡರಷ್ಟು ತೆಂಗಿನೆಣ್ಣೆ ಹಾಕಬೇಕಂತೆ, ಅದನ್ನು ಸಿಲ್ವೆಸ್ಟರ್‌ರಿಗೆ ತಿಳಿಸಿದೆ.

ಮದುವೆಗೆ ನಾನೂ ರಜೆ ಹಾಕಿ ಊರಿಗೆ ಹೋದೆ. ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರದಲ್ಲಿ ಮಗಳ ತಲೆಗೆ ತೆಂಗಿನ ಹಾಲು ಸುರಿಯುವಾಗ ಕತ್ಬರ್ಟ ಅತ್ತ. ಮರುದಿನ ಊಟವಾದ ಮೇಲೆ ಚಪ್ಪರದ ಮೂಲೆಯಲ್ಲಿ ಇಬ್ಬರು ಬೀಗರೂ ಅಕ್ಕಪಕ್ಕ ಕುಳಿತಿದ್ದರು. ಸಿಲ್ವೆಸ್ಟರ್ ಎಲ್ಲಿ ಏನು ಕೆಲಸ ಮಾಡಿದವರೆಂದು ನಾನು ಎರಡು ದಿನದಿಂದ ನಾಲ್ಕು ಜನರಲ್ಲಿ ವಿಚಾರಿಸಿದ್ದೆ. ಬೊಂಬಾಯಿಯಲ್ಲಿ ಇದ್ದರು ಎಂಬುದಕ್ಕಿಂತ ಹೆಚ್ಚು ಯಾರಿಗೂ ಗೊತ್ತಿರಲಿಲ್ಲ. ಸೆಕೆಗೆ ಅವರು ಬೂಟು, ಕಾಲುಚೀಲ ಎರಡನ್ನೂ ಬಿಚ್ಚಿ ಕುರ್ಚಿಯ ಕೆಳಗೆ ತಳ್ಳಿ ಕಾಲು ಚಾಚಿದರು. ನನ್ನ ಕರವಸ್ತ್ರ ಅವರ ಹಿಮ್ಮಡಿಯ ಹತ್ತಿರ ಬಿತ್ತು. ಬೀಳಿಸಿದೆ ಎಂದರೂ ತಪ್ಪಿಲ್ಲ. ಬಗ್ಗಿ ಎತ್ತಿಕೊಂಡು ಮೇಲೆ ನೋಡಿದರೆ ಕತ್ಬರ್ಟ ನನ್ನನ್ನೇ ನೋಡುತ್ತಿದ್ದ.

"ನೋಡಿದಿಯಾ?" ಎಂದ ಮೆಲ್ಲಗೆ.

ನೋಡಿದೆ. ಆದರೆ ಪೇಪರಿಗೆ ಕೊಡಲು ನನಗೆ ಅನುಮತಿ ಇರುವುದು ಕತ್ಬರ್ಟನ ಹಿಮ್ಮಡಿಗೆ ಮಾತ್ರ. ಸಿಲ್ವೆಸ್ಟರ್ ಇನ್ನೂ ಬದುಕಿದ್ದಾರೆ.